ತೆರೆಯಾಗುವ ಗೋಡೆಗೆ ಯಾವ ಬಣ್ಣ?

‘ಕಾಂತಾರ’ ಚಿತ್ರವನ್ನು 2022ರಲ್ಲಿ ಥಿಯೇಟರಿನಲ್ಲಿ ನೋಡಿದವರಿಗೆ ಅದರ ರಾತ್ರಿಯ ದೃಶ್ಯಗಳು ನೆನಪಿರುತ್ತವೆ. ಬೆಂಕಿಯ ಬೆಳಕು ಬಿದ್ದಷ್ಟು ಜಾಗ ಕೆಂಪು, ಅದರಾಚೆಗೆ ಕಡುಗಪ್ಪು. ಅದೇ ಚಿತ್ರವನ್ನು ಮನೆಯ ಹಾಲ್‌ನಲ್ಲಿ, ಆಗಷ್ಟೇ ಬೆಳ್ಳಗೆ ಪೇಂಟ್ ಹೊಡೆಸಿದ ಗೋಡೆಯ ಮೇಲೆ, ಹೊಸ ಪ್ರೊಜೆಕ್ಟರಿನಲ್ಲಿ ಹಾಕಿ ನೋಡಿ. ಮುಖಗಳು ಚೆನ್ನಾಗಿಯೇ ಕಾಣುತ್ತವೆ, ಆದರೆ ಕತ್ತಲೆಗೆ ಯಾರೋ ಬೂದಿ ಎರಚಿದಂತಿರುತ್ತದೆ. ಮನೆಯವರು ಮೊದಲು ಬೈಯುವುದು ಪ್ರೊಜೆಕ್ಟರಿಗೆ. ಎರಡು ದಿನ ಬಿಟ್ಟು ಅನುಮಾನ ಗೋಡೆಯ ಬಣ್ಣದ ಮೇಲೆ ಹೊರಳುತ್ತದೆ. ಬಿಳಿಯ ಬದಲು ಬೂದು ಹೊಡೆಸಿದ್ದರೆ ಸರಿಹೋಗುತ್ತಿತ್ತೇ?

ಪ್ರೊಜೆಕ್ಟರಿಗೆ ಬೆಳಕು ಚೆಲ್ಲಲು ಬರುತ್ತದೆ, ಕತ್ತಲೆ ಚೆಲ್ಲಲು ಬರುವುದಿಲ್ಲ. ಚಿತ್ರದಲ್ಲಿ ಕಪ್ಪಿರಬೇಕಾದ ಕಡೆ ಅದು ತೆಪ್ಪಗಿರುತ್ತದೆ, ಅಷ್ಟೆ. (ಪೂರ್ತಿ ತೆಪ್ಪಗಿರಲೂ ಅದಕ್ಕೆ ಆಗದು, ಒಳಗಿನಿಂದ ಒಂದಿಷ್ಟು ಬೆಳಕು ಸೋರುತ್ತಲೇ ಇರುತ್ತದೆ.) ಹಾಗಾಗಿ ನಾಯಕಿಯ ಕೂದಲು, ಅಮಾವಾಸ್ಯೆಯ ಆಕಾಶ, ಖಳನಾಯಕನ ಕಪ್ಪು ಕೋಟು ಇವೆಲ್ಲದರ ಬಣ್ಣ ಒಂದೇ: ಆ ಹೊತ್ತಿನಲ್ಲಿ ಗೋಡೆ ಹೇಗೆ ಕಾಣುತ್ತಿದೆಯೋ ಅದು. ಪ್ರೊಜೆಕ್ಟರನ್ನು ಆರಿಸಿ, ಸಿನಿಮಾ ನೋಡುವಾಗ ಹಾಕಿಕೊಳ್ಳುವ ದೀಪವನ್ನು ಹಾಗೆಯೇ ಬಿಟ್ಟು ಗೋಡೆಯನ್ನು ಒಂದು ನಿಮಿಷ ದಿಟ್ಟಿಸಿದರೆ ಸಾಕು. ಅದಕ್ಕಿಂತ ಕಪ್ಪಾದದ್ದು ಆ ಕೋಣೆಯಲ್ಲಿ ಯಾವ ಚಿತ್ರದಲ್ಲೂ ಮೂಡುವುದಿಲ್ಲ.

ಬಿಳಿಯ ಗುಟ್ಟು ತಿಳಿಯಬೇಕಾದರೆ ಸುಣ್ಣದ ಬಕೆಟ್ಟಿನ ಬಳಿ ಹೋಗಬೇಕು. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುವುದನ್ನು ಕಂಡವರಿಗೆ ಗೊತ್ತು, ಬ್ರಷ್ ಎಳೆದ ಕೂಡಲೇ ಗೋಡೆ ಬೆಳ್ಳಗಾಗುವುದಿಲ್ಲ. ಬರೀ ನೀರು ಸವರಿದಂತೆ ಹಳೆಯ ಕಲೆಗಳೆಲ್ಲ ಕಾಣುತ್ತಿರುತ್ತವೆ. ಸುಣ್ಣ ತೆಳ್ಳಗಾಯಿತೇನೋ ಎಂದು ಹೊಸಬರು ಇನ್ನೊಂದು ಕೈ ಎಳೆಯಲು ಹೊರಡುತ್ತಾರೆ. ಒಣಗಿದ ಮೇಲೆ ಬಂದು ನೋಡಿದರೆ ಗೋಡೆ ಮಲ್ಲಿಗೆಯಂತೆ ಬಿಳಿ. ಸುಣ್ಣದ ಕಣಗಳ ವಕ್ರೀಭವನಾಂಕ ಸುಮಾರು 1.6, ನೀರಿನದು 1.33, ಗಾಳಿಯದು 1. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಈ ಅಂಕಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಹೆಚ್ಚು ಚೆದುರುತ್ತದೆ. ಒದ್ದೆಯಾಗಿದ್ದಾಗ ಕಣಗಳ ನಡುವೆ ನೀರಿರುತ್ತದೆ, ಅಂತರ ಸಣ್ಣದು, ಬೆಳಕು ಒಳಗೆ ನುಗ್ಗಿಬಿಡುತ್ತದೆ. ನೀರು ಆರಿ ಗಾಳಿ ಬಂದು ಕೂತ ಮೇಲೆ ಬೆಳಕು ಎಲ್ಲೆಂದರಲ್ಲಿ ಚೆದುರಿ ವಾಪಸು ಬರುತ್ತದೆ. ನೆನೆದ ಬಿಳಿ ಪಂಚೆ ಮೈಗಂಟಿಕೊಂಡು ಮಾನ ಕಳೆಯುವುದೂ ಇದೇ ಕಾರಣಕ್ಕೆ.

ಇಂದಿನ ಎಮಲ್ಷನ್ ಪೇಂಟಿನಲ್ಲಿ ಗಾಳಿಯ ಜಾಗದಲ್ಲಿ ಪ್ಲಾಸ್ಟಿಕ್ಕಿನಂಥ ಅಂಟು ಇರುತ್ತದೆ, ಅದರ ಅಂಕಿ ಸುಮಾರು 1.5. ಅದರೊಳಗೆ ಸುಣ್ಣದ ಪುಡಿ ಹಾಕಿದರೆ ಬಿಳಿ ಬರುವುದೇ ಇಲ್ಲ. ಅದಕ್ಕೆ ಬೇಕಾದದ್ದು ಟೈಟಾನಿಯಂ ಡೈಆಕ್ಸೈಡ್. ಇದರ ರೂಟೈಲ್ ಎಂಬ ರೂಪದ ವಕ್ರೀಭವನಾಂಕ 2.7ರ ಹತ್ತಿರ, ವಜ್ರಕ್ಕಿಂತಲೂ ಹೆಚ್ಚು. ಮಿಲಿಮೀಟರಿನ ನಾಲ್ಕು ಸಾವಿರದ ಒಂದು ಭಾಗದಷ್ಟು ಸಣ್ಣದಾಗಿ ಅರೆದ ಈ ಪುಡಿ ಎರಡು ಕೋಟ್‌ನಲ್ಲಿ ಸಿಮೆಂಟನ್ನು ಮರೆಮಾಡುತ್ತದೆ. ಇದಕ್ಕೆ ಬೇಕಾದ ಇಲ್ಮನೈಟ್ ಅದಿರು ಕೇರಳದ ಚವರ ಕಡಲತೀರದ ಮರಳಿನಲ್ಲಿ ಸಿಗುತ್ತದೆ. ಆ ಅದಿರೋ, ಇದ್ದಿಲಿನಂತೆ ಕಪ್ಪು.

ರೂಟೈಲ್ ನೇರಳೆಯಂಚಿನ ಬೆಳಕನ್ನು ಕೊಂಚ ನುಂಗುತ್ತದೆ, ಆದ್ದರಿಂದ ಅದರ ಬಿಳಿಗೆ ಹಳದಿಯ ಎಳೆ ಇರುತ್ತದೆ. ಅಜ್ಜಿಯರು ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದುದು ಇಂಥ ಹಳದಿಯನ್ನು ಮರೆಸಲಿಕ್ಕೇ. ನೀಲಿ ಹಾಕಿದ ಗೋಡೆ ವಾಸ್ತವದಲ್ಲಿ ಕಡಿಮೆ ಬೆಳಕು ಹಿಂದಿರುಗಿಸುತ್ತದೆ, ಕಣ್ಣಿಗೆ ಮಾತ್ರ ಹೆಚ್ಚು ಬಿಳಿ ಅನ್ನಿಸುತ್ತದೆ. ಸಿನಿಮಾ ತೆರೆಗೆ ಈ ಉಪಾಯ ಬೇಡ, ನಟರ ಮೈಬಣ್ಣವೂ ನೀಲಿಯತ್ತ ವಾಲುತ್ತದೆ.

ಎಷ್ಟು ಬಿಳಿ ಇದ್ದರೆ ಸಾಕು? 2021ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಬೇರಿಯಂ ಸಲ್ಫೇಟ್ ಬಳಸಿ, ಬಿದ್ದ ಬಿಸಿಲಿನಲ್ಲಿ ನೂರಕ್ಕೆ 98.1 ಪಾಲನ್ನು ಹಿಂದಿರುಗಿಸುವ ಪೇಂಟ್ ತಯಾರಿಸಿದರು. ಮಾಳಿಗೆಯನ್ನು ತಂಪಾಗಿಡಲು ಅದು ದೊಡ್ಡ ಸಾಧನೆ. ಹಾಲ್‌ನ ಗೋಡೆಗೆ ಅಂಥದ್ದನ್ನು ಹಚ್ಚಿದರೆ ಲಾಭ ಅಷ್ಟಕ್ಕಷ್ಟೆ. ಅಂಗಡಿಯ ಒಳ್ಳೆಯ ಬಿಳಿ ಪೇಂಟೇ 85ರ ಆಸುಪಾಸು ಹಿಂದಿರುಗಿಸುತ್ತದೆ, ಉಳಿದ ಹದಿಮೂರು ಪಾಲಿನ ವ್ಯತ್ಯಾಸ ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಹೊರತು ಕಣ್ಣಿಗೆ ತಿಳಿಯದು.

ಬಿಳುಪಿಗಿಂತ ಮುಖ್ಯವಾದದ್ದು ಮಿರುಗು. ಪೇಂಟ್ ಅಂಗಡಿಯಲ್ಲಿ ದುಬಾರಿ ಡಬ್ಬ ಕೇಳಿದರೆ ತೊಳೆಯಬಹುದಾದ, ರೇಷ್ಮೆಯ ಹೊಳಪಿನದನ್ನು ಮುಂದಿಡುತ್ತಾರೆ. ಮಕ್ಕಳ ಕೈಗೆ ಸಿಗುವ ಗೋಡೆಗೆ ಅದು ಸರಿ. ತೆರೆಯ ಗೋಡೆಗೆ ಹಚ್ಚಿದರೆ ಪ್ರೊಜೆಕ್ಟರಿನ ದೀಪ ಕನ್ನಡಿಯಲ್ಲಿ ಕಂಡಂತೆ ನಡುವೆ ಒಂದು ಹೊಳೆಯುವ ಮಚ್ಚೆ ಮೂಡುತ್ತದೆ. ನೋಡುವವರು ಸೋಫಾದ ಈ ತುದಿಯಿಂದ ಆ ತುದಿಗೆ ಸರಿದರೆ ಮಚ್ಚೆಯೂ ಜೊತೆಗೇ ಸರಿಯುತ್ತದೆ. ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ, ಸೀಮೆಸುಣ್ಣದಂಥ ಮ್ಯಾಟ್ ಮೇಲ್ಮೈ. ಯಾವ ಮೂಲೆಯಿಂದ ನೋಡಿದರೂ ಒಂದೇ ಹೊಳಪು ಕೊಡುವ ಇಂಥ ಮೇಲ್ಮೈಯ ಗಣಿತವನ್ನು ಯೋಹಾನ್ ಹೈನ್ರಿಷ್ ಲ್ಯಾಂಬರ್ಟ್ 1760ರಲ್ಲೇ ಬರೆದಿಟ್ಟಿದ್ದಾನೆ. ಡಬ್ಬದ ಮೇಲೆ ಮ್ಯಾಟ್ ಎಂದಿದ್ದರೂ ಒಂದು ಹಲಗೆಗೆ ಬಳಿದು, ಒಣಗಿಸಿ, ಟಾರ್ಚ್ ಬಿಟ್ಟು ನೋಡುವುದು ಕ್ಷೇಮ.

ಹಾಗಾದರೆ ಬೆಳ್ಳಿತೆರೆ? ಆ ಮಾತು ಹುಟ್ಟಿದ್ದೇ ಮಿರುಗುವ ತೆರೆಯಿಂದ. ಹಳೆಯ ಕಾಲದ ಪ್ರೊಜೆಕ್ಟರಿನ ಬೆಳಕು ಸಾಲದಾದಾಗ ಲೋಹದ ಪುಡಿ ಬೆರೆಸಿದ ಬಣ್ಣವನ್ನು ತೆರೆಗೆ ಬಳಿದು, ಅತ್ತಿತ್ತ ಹೋಗುವ ಬೆಳಕನ್ನು ಪ್ರೇಕ್ಷಕರತ್ತ ತಿರುಗಿಸುತ್ತಿದ್ದರು. ಈಗಲೂ ಧ್ರುವೀಕರಿಸಿದ ಬೆಳಕಿನ ತ್ರೀಡಿ ಚಿತ್ರಗಳಿಗೆ ಬೆಳ್ಳಿತೆರೆಯೇ ಬೇಕು, ಸಾಮಾನ್ಯ ಬಿಳಿ ಬಣ್ಣ ಆ ಧ್ರುವೀಕರಣವನ್ನು ಕಲಸಿಬಿಡುತ್ತದೆ. ಮನೆಯಲ್ಲಿ ಗೇಟಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟನ್ನು ಬೆರೆಸಿ ಬೆಳ್ಳಿತೆರೆ ಮಾಡಹೊರಟರೆ ಮತ್ತೆ ಅದೇ ಮಚ್ಚೆ, ಜೊತೆಗೆ ಮಿಣಮಿಣ.

ಇನ್ನು ಬೂದು. ಇದರ ಬಗ್ಗೆ ಹರಡಿರುವ ನಂಬಿಕೆ ಅರ್ಧ ಸರಿ, ಅರ್ಧ ತಪ್ಪು. ಆ ಅರ್ಧ ಯಾವುದೆಂದು ತಿಳಿಯಲು ಬೆಳಕು ಎಷ್ಟು ಸಲ ತೆರೆಗೆ ಬಡಿಯುತ್ತದೆ ಎಂದು ಎಣಿಸಬೇಕು. ತೆರೆಯಿಂದ ಹೊರಟ ಬೆಳಕಿನ ಬಹುಪಾಲು ಕಣ್ಣಿಗೆ ಬರುವುದೇ ಇಲ್ಲ. ಚಾವಣಿಗೆ, ಪಕ್ಕದ ಗೋಡೆಗೆ, ನೆಲಕ್ಕೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಚಾವಣಿ ಅಚ್ಚಬಿಳಿ, ನೆಲ ಮುಖ ಕಾಣುವಂಥ ವಿಟ್ರಿಫೈಡ್ ಟೈಲ್ಸ್. ಅವು ಆ ಬೆಳಕನ್ನು ತಿರುಗಿ ತೆರೆಗೇ ಕಳಿಸುತ್ತವೆ, ಕಪ್ಪಿರಬೇಕಾದ ಜಾಗಗಳಿಗೂ. ಚಿತ್ರದ ಬೆಳಕು ತೆರೆಗೆ ಒಮ್ಮೆ ಬಡಿದು ಕಣ್ಣು ಸೇರಿದರೆ, ಹೀಗೆ ಊರು ಸುತ್ತಿ ಬಂದದ್ದು ಎರಡು ಸಲ ಬಡಿದಿರುತ್ತದೆ. ಚಿತ್ರಕಲಾವಿದ ಆಲ್ಬರ್ಟ್ ಮನ್ಸೆಲ್ ರೂಪಿಸಿದ ಬಣ್ಣದ ಪಟ್ಟಿಯಲ್ಲಿ 8ನೆಯ ಮೆಟ್ಟಿಲಿನ ತಿಳಿಬೂದು ನೂರಕ್ಕೆ ಸುಮಾರು 60 ಪಾಲು ಬೆಳಕನ್ನು ಹಿಂದಿರುಗಿಸುತ್ತದೆ. ಅದನ್ನು ಬಳಿದರೆ ಚಿತ್ರ 60ಕ್ಕೆ ಇಳಿಯುತ್ತದೆ, ಸುತ್ತಿ ಬಂದ ಬೆಳಕು 60ರಲ್ಲಿ ಮತ್ತೆ 60 ಪಾಲು, ಅಂದರೆ 36ಕ್ಕೆ. ಕಪ್ಪು ನಿಜವಾಗಿಯೂ ಗಟ್ಟಿಯಾಗುತ್ತದೆ.

ನಂಬಿಕೆಯ ತಪ್ಪು ಅರ್ಧ ಇರುವುದು ಹೊರಗಿನ ಬೆಳಕಿನ ವಿಷಯದಲ್ಲಿ. ಟ್ಯೂಬ್‌ಲೈಟಿನ ಬೆಳಕಾಗಲಿ, ಕಿಟಕಿಯಿಂದ ಬಂದ ಹಗಲಾಗಲಿ ತೆರೆಗೆ ಬಡಿಯುವುದು ಚಿತ್ರದಂತೆಯೇ ಒಂದೇ ಸಲ. ಬೂದು ಎರಡನ್ನೂ ಸಮನಾಗಿ ತಗ್ಗಿಸುತ್ತದೆ, ಅನುಪಾತ ಎಳ್ಳಷ್ಟೂ ಬದಲಾಗುವುದಿಲ್ಲ. ನೂರು ಇಂಚಿನ ಚಿತ್ರವೆಂದರೆ ಏಳೂಕಾಲು ಅಡಿ ಅಗಲ, ನಾಲ್ಕು ಅಡಿ ಎತ್ತರ, ಹೆಚ್ಚುಕಡಿಮೆ 2.75 ಚದರ ಮೀಟರ್. ಪ್ರೊಜೆಕ್ಟರಿನ 2000 ಲ್ಯೂಮೆನ್ ಬೆಳಕು ಅದರ ಮೇಲೆ ಹರಡಿದರೆ ಚದರ ಮೀಟರಿಗೆ ಸುಮಾರು 725 ಲ್ಯೂಮೆನ್, ಅಂದರೆ 725 ಲಕ್ಸ್. ಕೋಣೆಯ ದೀಪದಿಂದ ಗೋಡೆಗೆ 50 ಲಕ್ಸ್ ಬೀಳುತ್ತಿದೆ ಎಂದುಕೊಂಡರೆ ಬಿಳಿಗೂ ಕಪ್ಪಿಗೂ ಇರುವ ಅನುಪಾತ 775ಕ್ಕೆ 50, ಅಂದರೆ ಬರೀ ಹದಿನೈದೂವರೆಗೆ ಒಂದು. ಗೋಡೆ ಬಿಳಿಯಿದ್ದರೂ ಅಷ್ಟೇ, ಬೂದಿದ್ದರೂ ಅಷ್ಟೇ. ದೀಪ ಆರಿಸಿ, ಪರದೆ ಎಳೆದು ಅದನ್ನು 1 ಲಕ್ಸ್‌ಗೆ ಇಳಿಸಿದರೆ ಅನುಪಾತ ಏಳುನೂರು ದಾಟುತ್ತದೆ, ಪ್ರೊಜೆಕ್ಟರಿನ ಸ್ವಂತ ಸೋರಿಕೆಯನ್ನು ಬದಿಗಿಟ್ಟರೆ. ಹತ್ತು ಡಬ್ಬ ವಿಶೇಷ ಪೇಂಟ್ ಮಾಡಲಾಗದ ಕೆಲಸವನ್ನು ಕಿಟಕಿಯ ಪರದೆ ಮಾಡುತ್ತದೆ.

ಕೋಣೆಯ ಬೆಳಕನ್ನು ಕಡೆಗಣಿಸುವ ತೆರೆಗಳು ಮಾರುಕಟ್ಟೆಯಲ್ಲಿ ಇಲ್ಲದಿಲ್ಲ. ಅವುಗಳ ಮೈಯಲ್ಲಿ ಗರಗಸದ ಹಲ್ಲಿನಂಥ ಸೂಕ್ಷ್ಮ ಸಾಲುಗಳಿರುತ್ತವೆ. ಹಲ್ಲಿನ ಕೆಳಮುಖ, ಬುಡದಲ್ಲಿಟ್ಟ ಪ್ರೊಜೆಕ್ಟರಿನ ಬೆಳಕನ್ನು ಸೋಫಾದತ್ತ ತಿರುಗಿಸುತ್ತದೆ, ಕಪ್ಪು ಬಳಿದ ಮೇಲ್ಮುಖ ಚಾವಣಿಯ ದೀಪವನ್ನು ನುಂಗುತ್ತದೆ. ರೋಲರಿನಲ್ಲಿ ಬಳಿದ ಬಣ್ಣದ ಕಣಗಳು ಇಂಥ ಶಿಸ್ತಿನಲ್ಲಿ ಕೂರುವುದಿಲ್ಲ. ಹಾಗಾಗಿ ಅಂಥ ತೆರೆಯ ಗುಣವನ್ನೆಲ್ಲ ಡಬ್ಬದಲ್ಲಿ ತುಂಬಿ ಕೊಡುತ್ತೇವೆಂಬ ಜಾಹೀರಾತನ್ನು ನಂಬದಿರುವುದೇ ಲೇಸು.

ಹಾಗಾದರೆ ಥಿಯೇಟರಿನವರು ಆ ಕಪ್ಪನ್ನು ಎಲ್ಲಿಂದ ತಂದರು? ಅಲ್ಲಿನ ತೆರೆಯೂ ಸಾಮಾನ್ಯವಾಗಿ ಬಿಳಿಯೇ. ತೆರೆಯ ಹೊಳಪಿಗೆ ಡಿಜಿಟಲ್ ಸಿನಿಮಾದ ಮಾನಕ ಚದರ ಮೀಟರಿಗೆ ಕೇವಲ 48 ಕ್ಯಾಂಡೆಲಾ, ಮನೆಯ ಟೀವಿಗಿಂತ ಎಷ್ಟೋ ಮಂಕು. ಗೋಡೆ, ಚಾವಣಿ, ಕುರ್ಚಿ, ನೆಲಹಾಸುಗಳಿಗೆ ಕಡುಗೆಂಪು, ಕಂದು, ಕಪ್ಪು ಬಣ್ಣ ಕೊಟ್ಟು ಸುತ್ತಿ ಬರುವ ಬೆಳಕನ್ನೇ ಅವರು ಕೊಂದುಬಿಡುತ್ತಾರೆ. ಮನೆಯಲ್ಲೂ ಹಣ ಹಾಕಬೇಕಾದ ಜಾಗ ಅದೇ. 80 ಪಾಲು ಹಿಂದಿರುಗಿಸುವ ಚಾವಣಿಗೆ 20 ಪಾಲಿನ ಕಂದು ಬಳಿದರೆ ಚಾವಣಿಯಿಂದ ಮರಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಚಿತ್ರದ ಹೊಳಪು ಇದ್ದಷ್ಟೇ ಇರುತ್ತದೆ. ಬಾಡಿಗೆ ಮನೆಯ ಮಾಲೀಕರು ಇದಕ್ಕೆ ಒಪ್ಪುವುದು ಕಷ್ಟ. ಅಂಥಲ್ಲಿ ಟೈಲ್ಸ್ ಮೇಲೆ ಒಂದು ಗಾಢ ಬಣ್ಣದ ಜಮಖಾನ ಹಾಸಿದರೂ ಫಲ ಕಾಣುತ್ತದೆ.

ಬಣ್ಣದ ಆಯ್ಕೆಗಿಂತ ಹೆಚ್ಚು ಕಾಡುವುದು ಗೋಡೆಯ ಮೈ. ನೂರು ಇಂಚಿನ ಫುಲ್ ಎಚ್‌ಡಿ ಚಿತ್ರದಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 1.15 ಮಿಲಿಮೀಟರ್, ಫೋರ್‌ಕೆ ಆದರೆ ಅದರ ಅರ್ಧ. ದಪ್ಪ ರೋಲರ್ ಬಿಟ್ಟುಹೋಗುವ ಕಿತ್ತಳೆ ಸಿಪ್ಪೆಯಂಥ ಉಬ್ಬುಗಳೂ ಹೆಚ್ಚುಕಡಿಮೆ ಅಷ್ಟೇ ದೊಡ್ಡವು. ದೂರದ ಸ್ಟ್ಯಾಂಡಿನಿಂದ ಬೆಳಕು ನೇರವಾಗಿ ಬೀಳುವಾಗ ಇವು ಕ್ಷಮ್ಯ. ಗೋಡೆಯ ಬುಡದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರಿಗೆ ಮಾತ್ರ ಕ್ಷಮೆ ಎಂಬುದೇ ಗೊತ್ತಿಲ್ಲ. ಗೋಡೆಯಿಂದ 25 ಸೆಂಟಿಮೀಟರ್ ದೂರದಲ್ಲಿ ಹೊರಟು 150 ಸೆಂಟಿಮೀಟರ್ ಮೇಲಕ್ಕೆ ಹೋಗುವ ಕಿರಣಕ್ಕೆ ಗೋಡೆ 1 ಮಿಲಿಮೀಟರ್ ಉಬ್ಬಿ ಅಡ್ಡ ಬಂದರೆ ಚಿತ್ರ ಅಲ್ಲಿ 6 ಮಿಲಿಮೀಟರ್ ಜಾರುತ್ತದೆ. ಚಿತ್ರದ ಕೆಳಗಿನ ಕನ್ನಡ ಸಬ್‌ಟೈಟಲ್ ನೆಟ್ಟಗಿದ್ದು, ಮೇಲಿನ ಅಂಚು ಹಾವಿನಂತೆ ಹೊರಳುವುದು ಇದರಿಂದಲೇ.

ಅನುಭವಿ ಪೇಂಟರುಗಳು ಇದಕ್ಕೆ ರಾತ್ರಿಯ ಪರೀಕ್ಷೆ ಮಾಡುತ್ತಾರೆ. ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ಬೆಳಕನ್ನು ಮೇಲ್ಮೈಗುಂಟ ಹರಿಸಿದರೆ ಹಗಲಿನಲ್ಲಿ ನುಣ್ಣಗೆ ಕಂಡ ಗೋಡೆ ಹೊಸದಾಗಿ ಉತ್ತ ಹೊಲದಂತೆ ತೋರುತ್ತದೆ. ನೆರಳು ಬಿದ್ದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜುಕಾಗದ ಹಿಡಿದು, ಮತ್ತೆ ಟಾರ್ಚ್. ಪ್ರೈಮರ್ ಆದ ಮೇಲೆ ಸಣ್ಣ ಎಳೆಯ ರೋಲರಿನಲ್ಲಿ ತೆಳ್ಳನೆಯ ಎರಡು ಕೋಟ್. ಬ್ರಷ್ ಬೇಡ, ಗೆರೆ ಉಳಿಯುತ್ತದೆ.

ಬೂದು ಬೇಕೇ ಬೇಕೆನ್ನುವವರು ಅದು ಪಕ್ಷಪಾತವಿಲ್ಲದ ಬೂದೇ ಎಂದು ನೋಡಿಕೊಳ್ಳಬೇಕು. ಅಂಗಡಿಯ ಯಂತ್ರ ಬಿಳಿ ಬೇಸ್‌ಗೆ ಕಪ್ಪಿನ ಜೊತೆ ಹಳದಿ, ಕೆಂಪು ಹನಿಗಳನ್ನೂ ಹಾಕಿರಬಹುದು. ಶೇಡ್ ಕಾರ್ಡಿನ ಎಷ್ಟೋ ಬೂದುಗಳು ಗುಟ್ಟಾಗಿ ನೀಲಿ, ಇಲ್ಲವೇ ಕಂದು. ಹೋಲಿಸಲು ಪಕ್ಕದಲ್ಲಿ ಏ ಫೋರ್ ಹಾಳೆ ಹಿಡಿದರೆ ಮೋಸಹೋದಂತೆ. ಆ ಹಾಳೆಗೆ ಬೆರೆಸಿದ ಹೊಳಪುಕಾರಕ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕು ಸೂಸುತ್ತದೆ. ಪ್ಲಂಬರ್ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಹತ್ತಿಪ್ಪತ್ತು ಸುತ್ತು ಒಂದರ ಮೇಲೊಂದು ಬಿಗಿದರೆ ಹಾಳೆಗಿಂತ ಪ್ರಾಮಾಣಿಕವಾದ ಬಿಳಿ ಸಿಗುತ್ತದೆ. ಪ್ರಯೋಗಾಲಯಗಳಲ್ಲಿ ಬೆಳಕು ಅಳೆಯಲು ಬಳಸುವ ಬಿಳಿ ಬಿಲ್ಲೆಗಳನ್ನೂ ಅದೇ ವಸ್ತುವಿನಿಂದ ಮಾಡುತ್ತಾರೆ. ಇಷ್ಟಾಗಿಯೂ ಬಣ್ಣ ಒಂದು ಕೂದಲೆಳೆ ವಾಲಿದರೆ ಪ್ರೊಜೆಕ್ಟರಿನ ಸೆಟ್ಟಿಂಗಿನಲ್ಲಿ ತಿದ್ದಬಹುದು. ಉಬ್ಬನ್ನೂ ಮಿರುಗನ್ನೂ ಯಾವ ರಿಮೋಟೂ ತಿದ್ದದು.

ಇಷ್ಟಕ್ಕೆ ಬೇಕಾಗುವ ಪೇಂಟ್ ಎಷ್ಟು? ನೂರು ಇಂಚಿನ ಚಿತ್ರದ ಜಾಗ ಮೂವತ್ತು ಚದರ ಅಡಿ. ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಅರವತ್ತು ಚದರ ಅಡಿಯ ಸುತ್ತಮುತ್ತ ಬರುತ್ತದೆ. ಅಂದರೆ ಬೂದು ಬಳಿದ ಮೇಲೆ ಡಬ್ಬದಲ್ಲಿ ಅರ್ಧ ಉಳಿದಿರುತ್ತದೆ. ಏಣಿ ಮಡಚುವ ಮೊದಲು ಅದನ್ನು ತೆರೆಯ ನೆತ್ತಿಯ ಮೇಲಿರುವ ಚಾವಣಿಗೆ, ಗೋಡೆಯಿಂದ ನಾಲ್ಕು ಅಡಿ ಈಚೆಯವರೆಗೆ ಬಳಿದುಬಿಡಬಹುದು.