ದೂರದ ಓಟ: ಯಾವ ನೋವಿಗೆ ನಿಲ್ಲಬೇಕು?

ಮ್ಯಾರಥಾನ್ 42.195 ಕಿ.ಮೀ. ಅದನ್ನು ಮೀರಿದ್ದು ಅಲ್ಟ್ರಾ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುತ್ತ ಬಂದಿರುವ ‘ಮಲ್ನಾಡ್ ಅಲ್ಟ್ರಾ’ದಂಥ ಓಟಕ್ಕೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹೊಲದ ದಾರಿಗಳಲ್ಲಿ ನಿಮ್ಮ ಮಕ್ಕಳು ಅಭ್ಯಾಸ ಮಾಡುತ್ತಿರಬಹುದು; ಯುಗಾದಿಗೆ ನೀವೇ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿರಬಹುದು. ಕಾಲಿಗೆ ಎರಡೂ ಒಂದೇ.

ಎರಡೂ ತೊಡೆ, ಮೀನಖಂಡ ಬಿಗಿದು ನೋಯುವುದು ಸಹಜ; ಕೆಲ ದಿನಗಳಲ್ಲಿ ತಾನೇ ಇಳಿಯುತ್ತದೆ. ಆದರೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದೇ ಕಡೆ ಬೆರಳಿಟ್ಟರೆ ಚುಳ್ಳೆನ್ನುವ, ಮಲಗಿದಾಗಲೂ ಬಿಡದ ನೋವಿದ್ದರೆ ಓಟ ನಿಲ್ಲಿಸಿ. ಅದು ಎಲುಬಿನ ಸೂಕ್ಷ್ಮ ಬಿರುಕಿರಬಹುದು. ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ವಾರಗಟ್ಟಲೆ ವಿಶ್ರಾಂತಿಯೇ ಮದ್ದು. ನೋವಿಲ್ಲದೆ ನಡೆಯಲು ಬಂದ ಮೇಲಷ್ಟೇ ಓಟ.

ನೋವಿನ ಗುಳಿಗೆ ನುಂಗಿ ಓಡುವವರಿದ್ದಾರೆ. ಬೇಡ. ಬೆವರಿ ನೀರಿನಂಶ ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಓಟದ ನಂತರ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿರುವ ಸಂಭವವುಂಟು. ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಬಾಯಾರದಿದ್ದರೂ ತಂಬಿಗೆಗಟ್ಟಲೆ ನೀರು ಕುಡಿಯುವುದೂ ಅಪಾಯವೇ. ರಕ್ತದ ಸೋಡಿಯಂ ಇಳಿದು ವಾಂತಿ, ತಲೆನೋವು, ಮಂಪರು ಬರುತ್ತದೆ. ಬಾಯಾರಿದಷ್ಟು ಕುಡಿದರೆ ಸಾಕು.