ವಿಕಲಚೇತನರ ದೀರ್ಘಾವಧಿ ಉಳಿತಾಯ ಯೋಜನೆಗಳು

ವಿಕಲಚೇತನರ ದೀರ್ಘಾವಧಿ ಉಳಿತಾಯ ಯೋಜನೆಗಳು ಎಂದರೆ ಅಂಗವೈಕಲ್ಯವುಳ್ಳ ವ್ಯಕ್ತಿಯ ಮುಂದಿನ ಜೀವನಕ್ಕಾಗಿ, ಮುಖ್ಯವಾಗಿ ತಂದೆತಾಯಿಗಳ ಕಾಲಾನಂತರದ ಪೋಷಣೆಗಾಗಿ, ಸರ್ಕಾರದ ಅನುದಾನ, ತೆರಿಗೆ ರಿಯಾಯಿತಿ ಅಥವಾ ಖಾತರಿಯ ಬೆಂಬಲದೊಂದಿಗೆ ಹಲವು ವರ್ಷ ಹಣ ಕೂಡಿಡುವ ವ್ಯವಸ್ಥೆಗಳು. ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಖಾತೆಗಳಿವೆ. ಭಾರತದಲ್ಲಿ ಸರ್ಕಾರವು ಪಾಲು ಸೇರಿಸುವ ಅಂತಹ ಪ್ರತ್ಯೇಕ ಖಾತೆ ಇಲ್ಲ. ಮಾಸಾಶನ, ತೆರಿಗೆ ಕಡಿತ, ಸಾರ್ವಜನಿಕರೆಲ್ಲರಿಗೂ ಇರುವ ಸಣ್ಣ ಉಳಿತಾಯ ಯೋಜನೆಗಳು ಮತ್ತು ಪಾಲಕತ್ವದ ಕಾನೂನು ಇವುಗಳನ್ನು ಕುಟುಂಬವೇ ಜೋಡಿಸಿಕೊಳ್ಳಬೇಕಾಗುತ್ತದೆ. ಈ ಲೇಖನವು ಆ ವ್ಯವಸ್ಥೆಗಳನ್ನೂ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಂತಹ ಗ್ರಾಮೀಣ ಪ್ರದೇಶಗಳಲ್ಲಿ ಅವು ಒದಗುವ ಬಗೆಯನ್ನೂ ವಿವರಿಸುತ್ತದೆ.

ಹಿನ್ನೆಲೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 2.68 ಕೋಟಿ ಮತ್ತು ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಆ ಗಣತಿಯಲ್ಲಿ ಅಂಗವೈಕಲ್ಯವನ್ನು 8 ವಿಧಗಳಾಗಿ ಮಾತ್ರ ಎಣಿಸಲಾಗಿತ್ತು. ನಂತರ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಈ ಸಂಖ್ಯೆಯನ್ನು 21ಕ್ಕೆ ಏರಿಸಿತು. ಕಾಯ್ದೆಯು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು.

ಸಾಮಾನ್ಯ ಮಾಸಾಶನ ಮತ್ತು ದೀರ್ಘಾವಧಿ ಉಳಿತಾಯದ ಉದ್ದೇಶಗಳು ಬೇರೆ ಬೇರೆ. ಮಾಸಾಶನವು ಆಯಾ ತಿಂಗಳ ಖರ್ಚಿಗೆ ಒದಗುತ್ತದೆ. ಉಳಿತಾಯವು ಆರೈಕೆ ಮಾಡುವವರು ಇಲ್ಲವಾದ ಕಾಲಕ್ಕೆ ಸಲ್ಲುವಂಥದ್ದು. ಬೌದ್ಧಿಕ ವಿಕಲತೆ, ಮೆದುಳಿನ ಪಾರ್ಶ್ವವಾಯು ಮೊದಲಾದ ಸ್ಥಿತಿಗಳಲ್ಲಿ ಮಗುವಿಗೆ ಜೀವನಪೂರ್ತಿ ಆಸರೆ ಬೇಕಾಗಬಹುದು. ಆದ್ದರಿಂದ ಹಣ ಎಷ್ಟಿದೆ ಎಂಬುದರ ಜೊತೆಗೆ ಅದನ್ನು ಮುಂದೆ ಯಾರು ನಿರ್ವಹಿಸುತ್ತಾರೆ ಎಂಬುದೂ ಮುಖ್ಯವಾಗುತ್ತದೆ.

ಇತರ ದೇಶಗಳಲ್ಲಿ

ಕೆನಡಾದಲ್ಲಿ 2008ರಿಂದ ನೋಂದಾಯಿತ ಅಂಗವೈಕಲ್ಯ ಉಳಿತಾಯ ಯೋಜನೆ ಜಾರಿಯಲ್ಲಿದೆ. ಒಬ್ಬ ಫಲಾನುಭವಿಯ ಹೆಸರಿನಲ್ಲಿ ಜೀವಿತಾವಧಿಯಲ್ಲಿ ಗರಿಷ್ಠ 2 ಲಕ್ಷ ಕೆನಡಿಯನ್ ಡಾಲರ್ ಜಮಾ ಮಾಡಬಹುದು. ಕಡಿಮೆ ಮತ್ತು ಮಧ್ಯಮ ಆದಾಯದ ಕುಟುಂಬವು ವರ್ಷಕ್ಕೆ ಜಮಾ ಮಾಡುವ ಮೊದಲ 500 ಡಾಲರ್‌ಗೆ ಸರ್ಕಾರವು ಅದರ ಮೂರು ಪಟ್ಟನ್ನೂ, ನಂತರದ 1,000 ಡಾಲರ್‌ಗೆ ಎರಡು ಪಟ್ಟನ್ನೂ ಅನುದಾನವಾಗಿ ಸೇರಿಸುತ್ತದೆ. ಹೀಗೆ 1,500 ಡಾಲರ್ ಜಮಾ ಮಾಡಿದ ಕುಟುಂಬಕ್ಕೆ 3,500 ಡಾಲರ್ ಅನುದಾನ ದೊರೆಯುತ್ತದೆ. ಅನುದಾನದ ಜೀವಿತಾವಧಿ ಮಿತಿ 70,000 ಡಾಲರ್. ಏನನ್ನೂ ಜಮಾ ಮಾಡಲಾಗದ ಬಡ ಕುಟುಂಬಗಳಿಗೂ ಬಾಂಡ್ ರೂಪದಲ್ಲಿ ಒಟ್ಟು 20,000 ಡಾಲರ್‌ವರೆಗೆ ನೆರವು ಇದೆ. ಅನುದಾನ ಬಂದ 10 ವರ್ಷಗಳೊಳಗೆ ಹಣ ಹಿಂತೆಗೆದರೆ ಅನುದಾನದ ಭಾಗವನ್ನು ಮರಳಿಸಬೇಕಾಗುತ್ತದೆ.

ಅಮೆರಿಕದಲ್ಲಿ 2014ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಏಬಲ್ ಕಾಯ್ದೆಯು ತೆರಿಗೆರಹಿತ ಬೆಳವಣಿಗೆಯ ಖಾತೆಯನ್ನು ಒದಗಿಸಿತು. ಅಲ್ಲಿ ಬಡವರಿಗೆ ಸಿಗುವ ಪೂರಕ ಭದ್ರತಾ ಆದಾಯವನ್ನು ಪಡೆಯಲು ಒಬ್ಬ ವ್ಯಕ್ತಿಯ ಬಳಿ 2,000 ಡಾಲರ್‌ಗಿಂತ ಹೆಚ್ಚಿನ ಆಸ್ತಿ ಇರಬಾರದು. ಏಬಲ್ ಖಾತೆಯಲ್ಲಿನ ಮೊದಲ 1 ಲಕ್ಷ ಡಾಲರ್ ಈ ಲೆಕ್ಕಕ್ಕೆ ಬರುವುದಿಲ್ಲ. ಉಳಿತಾಯ ಮಾಡಿದ ಕಾರಣಕ್ಕೇ ನೆರವು ತಪ್ಪಿಹೋಗುವ ತೊಡಕನ್ನು ನಿವಾರಿಸುವುದು ಈ ಖಾತೆಯ ಮುಖ್ಯ ಉದ್ದೇಶವಾಗಿತ್ತು.

ಭಾರತದಲ್ಲಿನ ವ್ಯವಸ್ಥೆ

ಕಾನೂನಿನ ಚೌಕಟ್ಟು

2016ರ ಕಾಯ್ದೆಯ 24ನೇ ಕಲಂ ಸಾಮಾಜಿಕ ಭದ್ರತೆಗೆ ಸಂಬಂಧಿಸಿದೆ. ಸರ್ಕಾರಗಳು ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ವಿಕಲಚೇತನರಿಗೆ ಯೋಜನೆಗಳನ್ನು ರೂಪಿಸಬೇಕು ಮತ್ತು ಇತರರಿಗೆ ಇರುವ ಅದೇ ಬಗೆಯ ಯೋಜನೆಗಳಿಗಿಂತ ನೆರವಿನ ಪ್ರಮಾಣವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂದು ಅದು ಹೇಳುತ್ತದೆ. ಆದಾಯ ಮಿತಿಗೆ ಒಳಪಟ್ಟ ಮಾಸಾಶನ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಮತ್ತು ವಿಮೆ ಈ ಕಲಂನಲ್ಲಿ ಉಲ್ಲೇಖಗೊಂಡಿವೆ. ಉಳಿತಾಯ ಖಾತೆಯ ಪ್ರಸ್ತಾಪ ಅದರಲ್ಲಿಲ್ಲ. 13ನೇ ಕಲಂ ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ ಮತ್ತು ತಮ್ಮ ಹಣಕಾಸಿನ ವ್ಯವಹಾರವನ್ನು ತಾವೇ ನಡೆಸುವ ಹಕ್ಕನ್ನು ವಿಕಲಚೇತನರಿಗೆ ನೀಡುತ್ತದೆ. ಅಂಗವೈಕಲ್ಯದ ಕಾರಣಕ್ಕೆ ಯಾರೂ ವಾರಸಾ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂಬುದನ್ನು ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ 28ನೇ ಕಲಂ ಕೂಡ ಸ್ಪಷ್ಟಪಡಿಸುತ್ತದೆ. ಹೊಲಮನೆಯ ಪಾಲಿನ ಸಂದರ್ಭದಲ್ಲಿ ಈ ಎರಡು ಕಲಂಗಳು ಮಹತ್ವ ಪಡೆಯುತ್ತವೆ.

ಮಾಸಾಶನ

ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯು 2009ರಲ್ಲಿ ಆರಂಭವಾಯಿತು. ಬಡತನ ರೇಖೆಗಿಂತ ಕೆಳಗಿರುವ, ಶೇ. 80 ಅಥವಾ ಹೆಚ್ಚಿನ ಅಂಗವೈಕಲ್ಯವುಳ್ಳ, 18ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ ₹300. ಕರ್ನಾಟಕ ಸರ್ಕಾರವು ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ಅರ್ಹರಿಗೂ ಮಾಸಾಶನ ನೀಡುತ್ತದೆ. ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಮೊತ್ತ ಬದಲಾಗುತ್ತದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬಹುದು. ಹಣ ಫಲಾನುಭವಿಯ ಖಾತೆಗೆ ನೇರವಾಗಿ ಜಮೆಯಾಗುತ್ತದೆ.

ತೆರಿಗೆ ಕಡಿತ ಮತ್ತು ವಿಮೆ

1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ, ವಿಕಲಚೇತನ ಅವಲಂಬಿತರ ಚಿಕಿತ್ಸೆ ಹಾಗೂ ಪೋಷಣೆಗೆ ವೆಚ್ಚ ಮಾಡುವ ಅಥವಾ ಅವರಿಗಾಗಿ ಅನುಮೋದಿತ ವಿಮಾ ಯೋಜನೆಯಲ್ಲಿ ಹಣ ತೊಡಗಿಸುವ ತೆರಿಗೆದಾರರಿಗೆ ₹75,000 ಕಡಿತವನ್ನು ನೀಡಿತು. ಅಂಗವೈಕಲ್ಯ ಶೇ. 80 ಅಥವಾ ಹೆಚ್ಚಿದ್ದರೆ ಕಡಿತದ ಮೊತ್ತ ₹1,25,000. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಇದು ಅನ್ವಯಿಸುವುದಿಲ್ಲ. ಭಾರತೀಯ ಜೀವ ವಿಮಾ ನಿಗಮದ ಜೀವನ್ ಆಧಾರ್ ಪಾಲಿಸಿಯು ಈ ಕಲಂಗೆ ಹೊಂದಿಕೊಂಡು ರೂಪುಗೊಂಡಿತ್ತು.

ಈ ಕಲಂನ ಮೂಲ ರೂಪದಲ್ಲಿ, ಪಾಲಿಸಿ ಮಾಡಿಸಿದ ತಂದೆ ಅಥವಾ ತಾಯಿ ಮರಣ ಹೊಂದಿದ ನಂತರವೇ ಮಗುವಿಗೆ ಹಣ ಸಿಗಬೇಕಿತ್ತು. ಹಣದ ಅಗತ್ಯ ಪೋಷಕರ ವೃದ್ಧಾಪ್ಯದಲ್ಲಿಯೂ ಇರುತ್ತದೆ ಎಂಬ ವಾದ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. 2019ರ ಜನವರಿಯಲ್ಲಿ ನ್ಯಾಯಾಲಯವು ಕಲಂ ಅನ್ನು ತಾನೇ ಬದಲಿಸಲು ಒಪ್ಪಲಿಲ್ಲ. ಆದರೆ ವಿಷಯವನ್ನು ಪರಿಶೀಲಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 2022ರ ಹಣಕಾಸು ಕಾಯ್ದೆಯು ತಿದ್ದುಪಡಿ ತಂದು, ಪೋಷಕರಿಗೆ 60 ವರ್ಷ ತುಂಬಿ ಕಂತು ಕಟ್ಟುವುದು ನಿಂತ ನಂತರ ಅವರು ಜೀವಂತವಿರುವಾಗಲೇ ಹಣ ಪಾವತಿಯಾಗಲು ಅವಕಾಶ ಕಲ್ಪಿಸಿತು.

ಸಾಮಾನ್ಯ ಉಳಿತಾಯ ಯೋಜನೆಗಳು

ವಿಕಲಚೇತನರಿಗೆಂದೇ ರೂಪಿಸಿರದಿದ್ದರೂ ಕೆಳಗಿನ ಯೋಜನೆಗಳು ಅವರಿಗೆ ಉಪಯುಕ್ತವಾಗಿವೆ.

ಸಾರ್ವಜನಿಕ ಭವಿಷ್ಯ ನಿಧಿ (ಪಿಪಿಎಫ್): ಅವಧಿ 15 ವರ್ಷ. ವರ್ಷಕ್ಕೆ ಕನಿಷ್ಠ ₹500, ಗರಿಷ್ಠ ₹1.5 ಲಕ್ಷ ಜಮಾ ಮಾಡಬಹುದು. ಅಪ್ರಾಪ್ತರ ಅಥವಾ ಮಾನಸಿಕವಾಗಿ ಅಸ್ವಸ್ಥರಾದವರ ಹೆಸರಿನಲ್ಲಿ ಪಾಲಕರು ಖಾತೆ ತೆರೆಯಬಹುದು. ಖಾತೆದಾರರ ಸಾಲಕ್ಕಾಗಿ ಈ ಹಣವನ್ನು ನ್ಯಾಯಾಲಯದ ಆದೇಶದಿಂದಲೂ ಜಪ್ತಿ ಮಾಡುವಂತಿಲ್ಲ. ತಿಂಗಳಿಗೆ ₹500ರಂತೆ 15 ವರ್ಷ ಕಟ್ಟಿದರೆ ಜಮಾ ₹90,000 ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ. 7.1ರ ಬಡ್ಡಿ ದರ ಕೊನೆಯವರೆಗೂ ಮುಂದುವರಿದರೆ ಅದು ಸುಮಾರು ₹1.57 ಲಕ್ಷಕ್ಕೆ ಬೆಳೆಯುತ್ತದೆ.

ಸುಕನ್ಯಾ ಸಮೃದ್ಧಿ: 10 ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯುವ ಖಾತೆ. ವಾರ್ಷಿಕ ಕನಿಷ್ಠ ಜಮಾ ₹250. 15 ವರ್ಷ ಕಟ್ಟಬೇಕು, 21 ವರ್ಷಕ್ಕೆ ಅವಧಿ ಮುಗಿಯುತ್ತದೆ.

ಅಟಲ್ ಪಿಂಚಣಿ ಯೋಜನೆ: 2015ರಲ್ಲಿ ಆರಂಭವಾಯಿತು. 18ರಿಂದ 40 ವರ್ಷದವರು ಸೇರಬಹುದು. ಆದಾಯ ತೆರಿಗೆ ಪಾವತಿಸುವವರಿಗೆ 2022ರ ಅಕ್ಟೋಬರ್ 1ರಿಂದ ಪ್ರವೇಶವಿಲ್ಲ. 60ರ ನಂತರ ತಿಂಗಳಿಗೆ ₹1,000ರಿಂದ ₹5,000ವರೆಗೆ ಖಾತರಿ ಪಿಂಚಣಿ ದೊರೆಯುತ್ತದೆ. 18ನೇ ವಯಸ್ಸಿನಲ್ಲಿ ಸೇರಿದವರಿಗೆ ₹1,000 ಪಿಂಚಣಿಯ ಮಾಸಿಕ ಕಂತು ₹42. ಚಂದಾದಾರ ಮತ್ತು ಅವರ ಸಂಗಾತಿ ಇಬ್ಬರೂ ತೀರಿಕೊಂಡ ಮೇಲೆ ಸಂಚಿತ ನಿಧಿಯು ನಾಮಿನಿಗೆ ಸೇರುತ್ತದೆ. ಆದ್ದರಿಂದ ತಂದೆತಾಯಿಗಳು ಸೇರಿ ವಿಕಲಚೇತನ ಮಗುವನ್ನು ನಾಮಿನಿ ಮಾಡಿದರೆ, ಅವರ ಕಾಲಾನಂತರ ಅದೇ ನಿಧಿ ಮಗುವಿಗೆ ಒದಗುತ್ತದೆ. ಆರಂಭದ ವರ್ಷಗಳಲ್ಲಿ ಸೇರಿದ ಅರ್ಹರಿಗೆ ಸರ್ಕಾರವು ವರ್ಷಕ್ಕೆ ₹1,000 ಮೀರದಂತೆ ಕಂತಿನ ಅರ್ಧಭಾಗವನ್ನು 5 ವರ್ಷ ಭರಿಸಿತ್ತು. ಕೆನಡಾ ಮಾದರಿಯ ಸಹಪಾಲಿಗೆ ಹತ್ತಿರವಾದ ಈ ಸೌಲಭ್ಯವು ನಂತರ ಸೇರಿದವರಿಗೆ ಇಲ್ಲ.

ಎನ್‌ಪಿಎಸ್ ವಾತ್ಸಲ್ಯ: 2024ರ ಸೆಪ್ಟೆಂಬರ್ 18ರಂದು ಆರಂಭವಾದ, ಅಪ್ರಾಪ್ತ ಮಕ್ಕಳ ಪಿಂಚಣಿ ಖಾತೆ. ಮಗುವಿಗೆ ಶೇ. 75ಕ್ಕಿಂತ ಹೆಚ್ಚಿನ ಅಂಗವೈಕಲ್ಯವಿದ್ದರೆ, 3 ವರ್ಷಗಳ ನಂತರ ಜಮಾ ಹಣದ ಶೇ. 25ರವರೆಗೆ ಹಿಂಪಡೆಯಲು ಆರಂಭದ ನಿಯಮಗಳಲ್ಲಿಯೇ ಅವಕಾಶವಿತ್ತು.

ಪಾಲಕತ್ವ

18 ವರ್ಷ ತುಂಬಿದ ಕೂಡಲೇ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿ ವಯಸ್ಕನಾಗುತ್ತಾನೆ. ಆಗ ತಂದೆತಾಯಿಗಳಿಗೆ ಮಗುವಿನ ಖಾತೆ ನಡೆಸುವ ಸಹಜ ಅಧಿಕಾರ ಕೊನೆಗೊಳ್ಳುತ್ತದೆ. ದೈಹಿಕ, ದೃಷ್ಟಿ ಅಥವಾ ಶ್ರವಣ ದೋಷವುಳ್ಳವರು ತಮ್ಮ ಖಾತೆಯನ್ನು ತಾವೇ ನಡೆಸಬಹುದು. ದೃಷ್ಟಿ ದೋಷವುಳ್ಳವರಿಗೆ ಸೌಲಭ್ಯ ನಿರಾಕರಿಸಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2008ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆಯುಳ್ಳವರಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಅಡಿಯಲ್ಲಿ ಕಾನೂನುಬದ್ಧ ಪಾಲಕರನ್ನು ನೇಮಿಸಲಾಗುತ್ತದೆ. ಈ ಅಧಿಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಇದೆ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ. ಸಮಿತಿಯ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬಹುದೆಂದು ರಿಸರ್ವ್ ಬ್ಯಾಂಕ್ 2007ರಲ್ಲಿ ತಿಳಿಸಿದೆ. ನೇಮಕಗೊಂಡ ಪಾಲಕರು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕಪತ್ರವನ್ನೂ ಸಲ್ಲಿಸಬೇಕು.

ಆಳಂದ, ಅಫಜಲಪುರ ಮತ್ತು ಜೇವರ್ಗಿಯಲ್ಲಿ

ಈ ಮೂರು ತಾಲೂಕುಗಳು ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಸೇರಿವೆ. ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ತೊಗರಿ ಇಲ್ಲಿನ ಪ್ರಮುಖ ಬೆಳೆ. ಕೃಷಿಯನ್ನು ಅವಲಂಬಿಸಿದ ಮನೆಗಳಲ್ಲಿ ಹಣವು ತಿಂಗಳ ಸಂಬಳದಂತೆ ಬರದೆ ರಾಶಿಯ ನಂತರ ಒಮ್ಮೆಗೆ ಕೈಸೇರುತ್ತದೆ. ಪ್ರತಿ ತಿಂಗಳ ಕಂತನ್ನು ಬೇಡುವ ಯೋಜನೆಗಳಿಗಿಂತ, ವರ್ಷಕ್ಕೊಮ್ಮೆ ಜಮಾ ಮಾಡಲು ಬಿಡುವ ಪಿಪಿಎಫ್ ಅಥವಾ ಸುಕನ್ಯಾ ಸಮೃದ್ಧಿ ಇಂತಹ ಆದಾಯಕ್ಕೆ ಹೆಚ್ಚು ಹೊಂದುತ್ತವೆ. ಅಟಲ್ ಪಿಂಚಣಿಯ ಕಂತನ್ನು ಅರ್ಧವರ್ಷಕ್ಕೊಮ್ಮೆ ಕಟ್ಟಲೂ ಅವಕಾಶವಿದೆ. ಆದಾಯ ತೆರಿಗೆಯ ವ್ಯಾಪ್ತಿಗೆ ಬಾರದ ಕೃಷಿಕ ಮತ್ತು ಕೂಲಿ ಕುಟುಂಬಗಳಿಗೆ 80ಡಿಡಿ ಕಡಿತದಿಂದ ಪ್ರಯೋಜನವಿಲ್ಲ.

ಸೌಲಭ್ಯ ಪಡೆಯುವ ಮೊದಲ ಹೆಜ್ಜೆ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್. ಇದಕ್ಕೆ ವೈದ್ಯಕೀಯ ಪ್ರಾಧಿಕಾರವು ಅಂಗವೈಕಲ್ಯದ ಪ್ರಮಾಣವನ್ನು ದೃಢೀಕರಿಸಬೇಕು. ಈ ಕಾರ್ಡ್ ದೇಶದಾದ್ಯಂತ ಮಾನ್ಯವಾಗಿದ್ದು, ಹೊರರಾಜ್ಯಕ್ಕೆ ಗುಳೆ ಹೋಗುವ ಕುಟುಂಬಗಳಿಗೂ ನೆರವಾಗುತ್ತದೆ. ರಾಜ್ಯದ ಮಾಸಾಶನ ಮಾತ್ರ ಕರ್ನಾಟಕದ ನಿವಾಸಿಗಳಿಗೆ ಸೀಮಿತ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಅರ್ಜಿ ಸಲ್ಲಿಕೆಗೆ ಸಹಾಯ ಮಾಡುತ್ತಾರೆ. ಇವರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿಯಲ್ಲಿ ಗೌರವಧನದ ಮೇಲೆ ಕೆಲಸ ಮಾಡುತ್ತಾರೆ. ಪಾಲಕತ್ವದ ಅರ್ಜಿ ಮಾತ್ರ ಜಿಲ್ಲಾ ಮಟ್ಟದ ಸಮಿತಿಯಲ್ಲಿಯೇ ತೀರ್ಮಾನವಾಗುತ್ತದೆ. ಹೀಗಾಗಿ ಮಗುವಿಗೆ 18 ತುಂಬುವ ಮೊದಲೇ ಅಗತ್ಯ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು ಉಪಯುಕ್ತ.

ಮಿತಿಗಳು

ಭಾರತದ ವ್ಯವಸ್ಥೆಯಲ್ಲಿ ತೆರಿಗೆ ರಿಯಾಯಿತಿಯು ಆದಾಯವುಳ್ಳವರನ್ನು ತಲುಪುತ್ತದೆ, ಮಾಸಾಶನವು ಬಡವರನ್ನು ತಲುಪುತ್ತದೆ. ಬಡ ಕುಟುಂಬದ ಉಳಿತಾಯಕ್ಕೆ ಸರ್ಕಾರ ತನ್ನ ಪಾಲನ್ನು ಸೇರಿಸುವ ಏರ್ಪಾಡು ಇವೆರಡರ ನಡುವೆ ಇಲ್ಲ. ಅಂಗವಿಕಲ ಪಿಂಚಣಿಯಲ್ಲಿ ₹300ರ ಕೇಂದ್ರದ ಪಾಲು 2012ರಿಂದ ಏರಿಲ್ಲ. 15 ವರ್ಷಗಳ ಕೊನೆಗೆ ಕೈಸೇರುವ ಮೊತ್ತದ ಕೊಳ್ಳುವ ಶಕ್ತಿಯನ್ನು ಬೆಲೆಯೇರಿಕೆ ಕುಗ್ಗಿಸುತ್ತದೆ. ನಾಮಿನಿ, ಉಯಿಲು ಮತ್ತು ಪಾಲಕತ್ವಗಳು ಬೇರೆ ಬೇರೆ ಕಾನೂನುಗಳಿಗೆ ಒಳಪಟ್ಟಿರುವುದರಿಂದ, ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೂಡಿಟ್ಟ ಹಣ ಇದ್ದೂ ಬಳಕೆಗೆ ಸಿಗದೆ ಉಳಿಯುವ ಸಾಧ್ಯತೆ ಇರುತ್ತದೆ.