ಫ್ರಿಜ್ಜೂ ಎಕ್ಸ್‌ಟೆನ್ಷನ್ ಬೋರ್ಡೂ

ಅಡುಗೆಮನೆಯಲ್ಲಿ ಜಾಗ ಸಾಲದೆ ಫ್ರಿಜ್ಜನ್ನು ಹಾಲ್‌ಗೆ ಸರಿಸಿದ ಓದುಗರೊಬ್ಬರು, ಅದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬಹುದೇ ಎಂದು ಕೇಳಿದ್ದಾರೆ. ಓಡುತ್ತಿರುವ ಫ್ರಿಜ್ ಎಳೆಯುವುದು ಒಂದು ಆಂಪಿಯರ್ ಆಸುಪಾಸು. ಬೋರ್ಡಿನ ಮೇಲೆ 6 ಆಂಪಿಯರ್ ಎಂದಿರುತ್ತದೆ. ಧಾರಾಳವಾಯಿತಲ್ಲ ಎನಿಸುತ್ತದೆ. ಆದರೆ ಈ ಲೆಕ್ಕಕ್ಕೆ ಜೌಲ್‌ನ ವರ್ಗ ಸೇರಬೇಕು.

ಇಂಗ್ಲೆಂಡಿನ ಸಾಲ್‌ಫರ್ಡ್‌ನ ಬಿಯರ್ ತಯಾರಕರ ಮಗ ಜೇಮ್ಸ್ ಜೌಲ್‌ಗೆ 1840ರಲ್ಲಿ 21 ವರ್ಷ. ಗಾಜಿನ ನಳಿಗೆಗೆ ಲೋಹದ ತಂತಿ ಸುತ್ತಿ, ನೀರಿನಲ್ಲಿಳಿಸಿ, ವಿದ್ಯುತ್ ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಲ್ಲಿ ಅಳೆಯುತ್ತ ಕೂತ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು. ಇಷ್ಟು ಸರಳ ಸಲಕರಣೆಯಲ್ಲಿ ಇಷ್ಟು ದೊಡ್ಡ ನಿಯಮ! 1841ರಲ್ಲಿ ಅದು ಅಚ್ಚಾಯಿತು.

ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಏಳು ಪಟ್ಟು ಎಂದಿಟ್ಟುಕೊಂಡರೆ ಬಿಸಿ 49 ಪಟ್ಟು. ಒಂದು ಸೆಕೆಂಡಿನೊಳಗೆ ಮುಗಿದರೆ ಚಿಂತೆಯಿಲ್ಲ. ಬೇಸಿಗೆ ಸಂಜೆ ವೋಲ್ಟೇಜ್ ಬಿದ್ದಾಗ ಮೋಟಾರು ತಿರುಗಲಾರದೆ ಅಷ್ಟೇ ಕರೆಂಟು ಎಳೆಯುತ್ತ ನಿಲ್ಲುತ್ತದೆ, ಓವರ್‌ಲೋಡ್ ಸ್ವಿಚ್ 'ಟಕ್' ಎಂದು ಕರೆಂಟು ಕಡಿಯುತ್ತದೆ, ಕೆಲ ನಿಮಿಷಕ್ಕೆ ಮತ್ತೆ ಅದೇ ಕಥೆ. ತೆಳ್ಳನೆಯ ಉದ್ದ ವೈರು ಇರುವ ವೋಲ್ಟೇಜನ್ನೂ ಒಂದಿಷ್ಟು ತಿನ್ನುತ್ತದೆ.

ಆದರೂ ನನಗೆ ವೈರಿಗಿಂತ ಹೆಚ್ಚಿನ ಭಯ ಸಾಕೆಟ್ಟಿನದು. ಅಗ್ಗದ ಬೋರ್ಡಿನೊಳಗಿನ ಹಿತ್ತಾಳೆ ಪಟ್ಟಿ ಬಿಗಿ ಕಳೆದುಕೊಂಡು ಪಿನ್ನು ಅಲ್ಲಾಡತೊಡಗಿತು ಎನ್ನಿ. ಆ ಸಂದಿನಲ್ಲಿ ಒಂದೇ ಓಮ್ ತಡೆ ಹುಟ್ಟಿದರೂ, 7 ಆಂಪಿಯರಿಗೆ 49 ವಾಟ್ ಬಿಸಿ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವಾಟಿನದು. ಸೀಸ ಕರಗಿಸಲು ಅದಕ್ಕೆ ಅಷ್ಟು ಸಾಕು. ಬಿಸಿಗೆ ಲೋಹ ಕಿಲುಬು ಹಿಡಿಯುತ್ತದೆ, ಕಿಲುಬಿಗೆ ತಡೆ ಏರುತ್ತದೆ, ತಡೆಗೆ ಮತ್ತೆ ಬಿಸಿ. ಇದೆಲ್ಲ ನಡೆಯುವುದು ಫ್ರಿಜ್ಜಿನ ಹಿಂದೆ, ಮನೆಯವರೆಲ್ಲ ಮಲಗಿರುವಾಗ.

ಆದ್ದರಿಂದ ಎಲೆಕ್ಟ್ರಿಷಿಯನ್ ಕರೆಸಿ ಫ್ರಿಜ್ಜಿನ ಪಕ್ಕದಲ್ಲೇ ಅರ್ತ್ ಇರುವ ಪ್ರತ್ಯೇಕ ಪಾಯಿಂಟ್ ಹಾಕಿಸಿ. ಅಲ್ಲಿಯವರೆಗೆ ಬೋರ್ಡು ಅನಿವಾರ್ಯವಾದರೆ 1.5 ಚದರ ಮಿಲಿಮೀಟರಿನ ಮೂರು ಎಳೆಯ ತಾಮ್ರದ ವೈರು, ಆದಷ್ಟು ಗಿಡ್ಡದು, ಸುರುಳಿ ಸುತ್ತದೆ, ಚಾಪೆಯಡಿ ತೂರಿಸದೆ. ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಅದೇ ಬೋರ್ಡಿಗೆ ಬೇಡ. ಮೂರನೇ ಪಿನ್ನನ್ನು ಬಿಟ್ಟು ಎರಡು ಪಿನ್ನಿನ ಅಡಾಪ್ಟರ್ ಹಾಕಲೇಬೇಡಿ. ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ಕಿಗೆ ಕೈ ಹಿಂಬದಿ ತಾಗಿಸಿ ನೋಡಿ. ಸುಡುವಂತಿದ್ದರೆ, ಇಲ್ಲವೇ ಸಾಕೆಟ್ಟಿನ ಸುತ್ತ ಕಂದು ಕಲೆ ಕಂಡರೆ, ಆ ಬೋರ್ಡನ್ನು ಅಂದೇ ಎಸೆಯಿರಿ.